ಗಂಡ-ಹೆಂಡತಿ ಇಬ್ಬರೇ ಹಾಯಿದೋಣಿಯಲ್ಲಿ: ಯಾವ ದೋಣಿ, ಯಾವ ಸಮುದ್ರ, ಎಷ್ಟು ತಿಂಗಳು?

ಸ್ವಂತ ಹಾಯಿದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತ ಸಂಸಾರ ಮಾಡುವುದೆಂದರೆ ಬೆಳಗಾವಿ-ಬಾಗಲಕೋಟೆ ಕಡೆಯ ಮಂದಿಗೆ ಹುಚ್ಚಾಟದ ಮಾತು. ಆದರೂ ಈಚೆಗೆ ವಿಚಾರಿಸುವವರು ಹೆಚ್ಚಾಗಿದ್ದಾರೆ. ಮಕ್ಕಳು ಪುಣೆ-ಬೆಂಗಳೂರು ಸೇರಿರುತ್ತಾರೆ, ನೌಕರಿ ಮುಗಿದಿರುತ್ತದೆ, ಮೊಣಕಾಲು ಇನ್ನೂ ಗಟ್ಟಿ ಇರುತ್ತದೆ. ಎಲ್ಲರೂ ಮೊದಲು ಕೇಳುವುದು ದೋಣಿಯ ರೇಟು. ಅದನ್ನೂ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಯಾವ ಜೋಡಿಯಲ್ಲಾದರೂ ಒಬ್ಬರಿಗೆ ಉಮೇದಿ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ. ನಡುರಾತ್ರಿ ಉಮೇದಿಯವರು ಜ್ವರದಿಂದ ಮಲಗಿದರೆ, ಇಲ್ಲವೇ ಕಾಲು ಜಾರಿ ನೀರಿಗೇ ಬಿದ್ದರೆ, ಉಳಿದವರು ಒಬ್ಬರೇ ಹಾಯಿ ಇಳಿಸಿ, ಎಂಜಿನ್ ಚಾಲೂ ಮಾಡಿ, ದೋಣಿ ತಿರುಗಿಸಿಕೊಂಡು ಬರಬಲ್ಲರೇ? ನಾನು ಯಾವ ಆಯ್ಕೆಯನ್ನಾದರೂ ಅಳೆಯುವುದು ಇದೊಂದೇ ಕೋಲಿನಿಂದ. ನಮ್ಮ ಮನೆಯಲ್ಲಿ ಕಡಿಮೆ ಉಮೇದಿಯವಳು ನಾನು. ಆದ್ದರಿಂದ ಈ ಬರಹದಲ್ಲಿ ಪಕ್ಷಪಾತ ಇದ್ದೇ ಇದೆ. ಚಳಿಗಾಲ-ಬೇಸಿಗೆ ಅಂಡಮಾನ್ ಸಮುದ್ರದ ಆಚೆ ದಂಡೆಯಲ್ಲಿ, ಥಾಯ್ಲೆಂಡ್-ಮಲೇಷ್ಯಾ ಕಡೆ, ದೋಣಿಯ ಮೇಲೆ, ಮಳೆಗಾಲ ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿ, ಹೀಗೆ ನಮ್ಮ ಸಂಸಾರ ನಡೆದಿದೆ.

ಕೊಳ್ಳುವುದೋ, ಬಾಡಿಗೆ ಹಿಡಿಯುವುದೋ

ವರ್ಷಕ್ಕೆ ನಾಲ್ಕೈದು ವಾರ ಮಾತ್ರ ಬಿಡುವು ಸಿಗುವವರು ದೋಣಿ ಕೊಳ್ಳಲೇಬೇಡಿ. ದೋಣಿಯವರಲ್ಲಿ ಒಂದು ಅಂದಾಜಿನ ಲೆಕ್ಕ ರೂಢಿಯಲ್ಲಿದೆ: ದೋಣಿಯ ಬೆಲೆಯ ಹತ್ತನೇ ಒಂದು ಪಾಲು ಪ್ರತಿವರ್ಷ ಅದರ ರಿಪೇರಿ, ಬಣ್ಣ, ಹಗ್ಗ, ವಿಮೆಗೆ ಹೋಗುತ್ತದೆ. 60 ಸಾವಿರ ಡಾಲರಿನ ಹಳೆ ದೋಣಿಗೆ ವರ್ಷಕ್ಕೆ ಐದು ಲಕ್ಷ ರೂಪಾಯಿಗೂ ಮೇಲೆ. ನೀವು ಹತ್ತಿದರೂ ಅಷ್ಟೇ, ಹತ್ತದಿದ್ದರೂ ಅಷ್ಟೇ. ಅದರ ಬದಲು ಥಾಯ್ಲೆಂಡಿನ ಫುಕೆಟ್‌ನಲ್ಲಿ ವಾರದ ಲೆಕ್ಕದಲ್ಲಿ ದೋಣಿ ಬಾಡಿಗೆ ಹಿಡಿಯಬಹುದು. ಧೈರ್ಯ ಸಾಲದಿದ್ದರೆ ಜತೆಗೆ ದೋಣಿ ನಡೆಸುವ ಒಬ್ಬ ಸ್ಕಿಪ್ಪರ್‌ನನ್ನೂ ಕೊಡುತ್ತಾರೆ. ವರ್ಷಕ್ಕೆ ನಾಲ್ಕು ತಿಂಗಳಿಗಿಂತ ಹೆಚ್ಚು ನೀರಿನ ಮೇಲೆ ಇರುವವರಿಗೆ ಮಾತ್ರ ಸ್ವಂತದ್ದು ಲೆಕ್ಕಕ್ಕೆ ಬರುತ್ತದೆ.

ಇನ್ನೊಬ್ಬರ ದೋಣಿಯಲ್ಲಿ ಕ್ರೂ ಆಗಿ ಹೋಗುವುದು ಎಲ್ಲಕ್ಕಿಂತ ಅಗ್ಗ. ಕಲಿಯುವುದೂ ಬಹಳ. ಆದರೆ ದೋಣಿಯ ಯಜಮಾನನ ಸ್ವಭಾವ ದಂಡೆ ಬಿಟ್ಟ ಮೇಲೆ ಗೊತ್ತಾಗುತ್ತದೆ. ಮೊದಲ ಸಲ ಎರಡು ರಾತ್ರಿಗಿಂತ ಹೆಚ್ಚಿನ ಪಯಣಕ್ಕೆ ಒಪ್ಪಬೇಡಿ.

ಯಾವುದೇ ಆದರೂ ಕಲಿಕೆ ಮೊದಲು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಆಲಮಟ್ಟಿ, ಹಿಡಕಲ್, ನವಿಲುತೀರ್ಥದಂಥ ದೊಡ್ಡ ಹಿನ್ನೀರುಗಳಿವೆ. ಆದರೆ ಅಲ್ಲಿ ಉಬ್ಬರ-ಇಳಿತವಿಲ್ಲ, ಸಮುದ್ರದ ತೆರೆಯಿಲ್ಲ, ಹೊಟ್ಟೆ ತೊಳಸುವುದಿಲ್ಲ. ಸಮುದ್ರ ಬೇಕೆಂದರೆ ಚೋರ್ಲಾ ಘಾಟ್ ಇಳಿಯಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಗೋವಾದಲ್ಲೇ ಇದೆ. ಬೆಳಗಾವಿಯಿಂದ ಮೂರು ತಾಸಿನ ದಾರಿ. ಮೊದಲು ಡಿಂಗಿ ಎಂಬ ಸಣ್ಣ ಹಾಯಿದೋಣಿಯಲ್ಲಿ ಕಲಿಯಿರಿ. ಗಾಳಿ ಹೊರಳಿದ್ದು ಕುತ್ತಿಗೆಗೆ ತಿಳಿಯುವುದು ಡಿಂಗಿಯಲ್ಲಿ. ಅದು ಮಗುಚಿ ನೀವು ನೀರು ಕುಡಿಯುತ್ತೀರಿ, ಮತ್ತೆ ಎಬ್ಬಿಸಿ ಹತ್ತುತ್ತೀರಿ. ಆಮೇಲೆ ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಶನ್ನಿನ ಕಾಂಪಿಟೆಂಟ್ ಕ್ರೂ, ಡೇ ಸ್ಕಿಪ್ಪರ್ ಎಂಬ ಕೋರ್ಸುಗಳು. ಒಂದೊಂದು ಐದೈದು ದಿನ, ದೋಣಿಯಲ್ಲೇ ಊಟ, ನಿದ್ದೆ. ಥಾಯ್ಲೆಂಡಿನಲ್ಲಿ ಇವನ್ನು ಕಲಿಸುವ ಶಾಲೆಗಳಿವೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಗಂಡ-ಹೆಂಡತಿ ಬೇರೆ ಬೇರೆ ದೋಣಿಯಲ್ಲಿ ಕಲಿಯಿರಿ. ಒಂದೇ ದೋಣಿಯಲ್ಲಿದ್ದರೆ ಗಂಡ ಚುಕ್ಕಾಣಿ ಹಿಡಿಯುತ್ತಾನೆ, ಹೆಂಡತಿ ಹಗ್ಗ ಸುತ್ತುತ್ತಾಳೆ, ಐದು ದಿನ ಮುಗಿದೇ ಹೋಗುತ್ತದೆ. ಸರ್ಟಿಫಿಕೇಟ್ ಮಾತ್ರ ಇಬ್ಬರ ಕೈಯಲ್ಲೂ ಇರುತ್ತದೆ.

"ಹೆಣ್ಣುಮಕ್ಕಳಿಗೆ ಇದೆಲ್ಲ ಆದೀತೇ" ಎನ್ನುವ ಹಿರಿಯರಿಗೆ ಹೇಳಲು ಒಂದು ಸಂಗತಿ ಇದೆ. ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಗಳು, ಇಬ್ಬರೇ, 56 ಅಡಿಯ ತಾರಿಣಿ ದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾ ಬಿಟ್ಟು, ಭೂಮಿ ಸುತ್ತಿ 2025ರ ಮೇ 29ರಂದು ಗೋವಾಕ್ಕೇ ಮರಳಿದರು. ತಾರಿಣಿಯ ಅಕ್ಕನಂಥ ದೋಣಿಯ ಹೆಸರು ಮ್ಹಾದೇಯಿ. 2009-10ರಲ್ಲಿ ದಿಲೀಪ್ ದೋಂದೆ ಒಬ್ಬರೇ ಅದರಲ್ಲಿ ಭೂಮಿ ಸುತ್ತಿದರು. 2012-13ರಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿದರು. ನಾವು ಕಳಸಾ-ಬಂಡೂರಿ ಎಂದು ವರ್ಷಗಟ್ಟಲೆ ಧರಣಿ ಕೂತ ಮಹದಾಯಿ, ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಅದೇ ನದಿಯ ಹೆಸರು ಅದು. ಅಂದಹಾಗೆ, ಇವರೆಲ್ಲ ವರ್ಷಗಟ್ಟಲೆ ತರಬೇತಿ ಪಡೆದವರು. ಧೈರ್ಯಕ್ಕೆ ಅವರನ್ನು ನೆನೆಯಿರಿ, ದೋಣಿಯ ಸೈಜಿಗೆ ನೆನೆಯಬೇಡಿ.

ಒಂದು ಒಡಲೋ, ಎರಡು ಒಡಲೋ

ಅತಿ ಹೆಚ್ಚು ಜಗಳ ನಡೆಯುವುದು ಇಲ್ಲೇ. ಮೊನೊಹಲ್ ಎಂದರೆ ಒಂದೇ ಒಡಲಿನ ದೋಣಿ. ಅದರ ತಳದಲ್ಲಿ ಸೀಸದ್ದೋ ಕಬ್ಬಿಣದ್ದೋ ಭಾರವಾದ ಕೀಲ್ ಇರುತ್ತದೆ. ಏಳೆಂಟು ಟನ್ನಿನ ದೋಣಿಯಲ್ಲಿ ಕೀಲೇ ಎರಡೂವರೆ-ಮೂರು ಟನ್. ಗಾಳಿ ಬೀಸಿದಾಗ ದೋಣಿ ವಾಲುತ್ತದೆ, ಕೀಲ್ ಅದನ್ನು ಮತ್ತೆ ನೆಟ್ಟಗೆ ಎಳೆಯುತ್ತದೆ. ಕ್ಯಾಟಮರಾನ್ ಎಂದರೆ ಎರಡು ತೆಳ್ಳನೆಯ ಒಡಲು, ನಡುವೆ ಸೇತುವೆಯಂತೆ ಹಾಲ್. ಭಾರದ ಕೀಲ್ ಇಲ್ಲ. ಅಗಲದಿಂದಲೇ ಅದಕ್ಕೆ ಸ್ಥಿರತೆ.

ಬದುಕುವುದಕ್ಕೆ ಕ್ಯಾಟಮರಾನ್ ಸುಖ, ಅದರಲ್ಲಿ ಎರಡು ಮಾತಿಲ್ಲ. 38-40 ಅಡಿಯ ಕ್ಯಾಟಮರಾನ್ ಆರು-ಏಳು ಮೀಟರ್ ಅಗಲ ಇರುತ್ತದೆ. ಅಡುಗೆಕಟ್ಟೆ ಮೇಲೆಯೇ, ಸುತ್ತ ಕಿಟಕಿ. ಓಡುವಾಗಲೂ ಬಹುಮಟ್ಟಿಗೆ ಸಪಾಟಾಗಿರುತ್ತದೆ, ಒಲೆಯ ಮೇಲಿನ ಪಾತ್ರೆ ಅಲ್ಲೇ ಇರುತ್ತದೆ. ಮೊನೊಹಲ್‌ನಲ್ಲಿ ಅಡುಗೆಮನೆ ಮೆಟ್ಟಿಲಿಳಿದು ಕೆಳಗೆ. ದೋಣಿ 15-20 ಡಿಗ್ರಿ ವಾಲಿದಾಗ ಒಲೆ ತೂಗುಮಂಚದಂತೆ ತೂಗುತ್ತ ಮಟ್ಟವಾಗಿರುತ್ತದೆ, ನೀವು ಮಾತ್ರ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿರುತ್ತೀರಿ. ಓಡುವ ಮೊನೊಹಲ್‌ನಲ್ಲಿ ರೊಟ್ಟಿ ಬಡಿಯುವ ಸಾಹಸ ಮಾಡಬೇಡಿ. ಅನ್ನ, ಬೇಳೆ, ಕುಕ್ಕರ್, ಅಷ್ಟೇ.

ಆಳದ ಲೆಕ್ಕದಲ್ಲೂ ಕ್ಯಾಟಮರಾನ್ ಮುಂದೆ. ಅದಕ್ಕೆ ಒಂದು-ಒಂದೂಕಾಲು ಮೀಟರ್ ನೀರು ಸಾಕು, ಮೊನೊಹಲ್‌ಗೆ ಎರಡು ಮೀಟರ್ ಹತ್ತಿರ ಬೇಕು. ಹವಳದ ದಿಬ್ಬಗಳ ನಡುವೆ ಈ ಮುಕ್ಕಾಲು ಮೀಟರ್ ಸಣ್ಣ ಮಾತಲ್ಲ. ಎರಡು ಒಡಲಿಗೆ ಎರಡು ಎಂಜಿನ್ ಇರುವುದರಿಂದ ಒಂದು ಕೈಕೊಟ್ಟರೂ ದಂಡೆ ಸೇರಬಹುದು. ಬಂದರಿನಲ್ಲಿ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಹಾಕಿದರೆ ನಿಂತಲ್ಲೇ ತಿರುಗುತ್ತದೆ.

ಹಾಗಾದರೆ ನಾವೇಕೆ ಮೊನೊಹಲ್ ಕೊಂಡೆವು? ರೊಕ್ಕ ಒಂದು ಕಾರಣ. ಇನ್ನೊಂದು, ಮೊನೊಹಲ್ ಮಾತಾಡುತ್ತದೆ. ಗಾಳಿ ಜೋರಾದರೆ ಅದು ವಾಲುತ್ತದೆ, ಚುಕ್ಕಾಣಿ ಕೈಗೆ ಭಾರವಾಗುತ್ತದೆ, ಕೆಳಗೆ ಮಲಗಿದ್ದವರೂ ಎದ್ದು ಕೂರುತ್ತಾರೆ. ಹಾಯಿ ಕಿರಿದು ಮಾಡುವ ಹೊತ್ತು ಬಂತೆಂದು ಹೊಸಬರಿಗೂ ತಿಳಿಯುತ್ತದೆ. ಕ್ಯಾಟಮರಾನ್ ಹಾಗೆ ದೂರು ಹೇಳುವುದಿಲ್ಲ. ಅದರಲ್ಲಿ ಗಾಳಿಯ ಮೀಟರ್ ನೋಡಿಯೇ ರೀಫ್ ಹಾಕಬೇಕು, ಅಂದರೆ ಹಾಯಿ ಕಿರಿದು ಮಾಡಬೇಕು. ಇಷ್ಟು ನಾಟ್ ವೇಗದ ಗಾಳಿಗೆ ಮೊದಲ ರೀಫ್, ಇಷ್ಟಕ್ಕೆ ಎರಡನೆಯದು ಎಂದು ಕಂಪನಿಯ ಪಟ್ಟಿ ಇರುತ್ತದೆ, ಅದನ್ನು ಮೀರುವಂತಿಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟು. ನಮ್ಮ ಯಜಮಾನರಂತೆ "ಇನ್ನೊಂದು ಹತ್ತು ನಿಮಿಷ ನೋಡೋಣ" ಎನ್ನುವ ಜಾಯಮಾನದವರಿಗೆ ಕ್ಯಾಟಮರಾನ್ ಸಲ್ಲದು. ಪ್ರಯಾಣದ ಕ್ಯಾಟಮರಾನ್ ಮಗುಚುವುದು ಅಪರೂಪ. ಮಗುಚಿದರೆ ಮಾತ್ರ ತಾನಾಗಿ ಏಳದು, ತಲೆಕೆಳಗಾಗಿ ತೇಲುತ್ತಿರುತ್ತದೆ. ಮೊನೊಹಲ್ ಮಗುಚಿದರೂ ಏಳುತ್ತದೆ, ಆದರೆ ಒಳಗೆ ನೀರು ತುಂಬಿದರೆ ಮುಳುಗುತ್ತದೆ. ಯಾವ ಭಯ ಹೆಚ್ಚು ಎಂಬುದು ಅವರವರಿಗೆ ಬಿಟ್ಟದ್ದು.

ಕ್ಯಾಟಮರಾನ್‌ಗೆ ಭಾರ ಆಗಿಬರುವುದಿಲ್ಲ ಎಂಬುದನ್ನೂ ನೆನಪಿಡಿ. ನಮ್ಮ ಮಂದಿ ಊರಿಂದ ಹೊರಟರೆ ಜೋಳ, ಅಕ್ಕಿ, ಬೆಲ್ಲ, ಎಣ್ಣೆ ಡಬ್ಬಿ ಎಲ್ಲ ಕಟ್ಟಿಕೊಳ್ಳುವವರು. ತುಂಬಿದ ಕ್ಯಾಟಮರಾನ್ ನಿಧಾನವಾಗುತ್ತದೆ, ನಡುವಿನ ಸೇತುವೆ ನೀರಿಗೆ ಹತ್ತಿರವಾಗಿ ತೆರೆಗಳು ತಳಕ್ಕೆ ಧಡ್ ಧಡ್ ಎಂದು ಬಡಿಯುತ್ತವೆ. ಗಾಳಿಗೆ ಎದುರಾಗಿ ಹೋಗುವಾಗ ಆ ಸದ್ದಿನಲ್ಲಿ ನಿದ್ದೆ ಇಲ್ಲ. ದೋಣಿ ನಿಲ್ಲಿಸುವ ಮರೀನಾದಲ್ಲಿ ಅದಕ್ಕೆ ಒಂದೂವರೆ ಪಟ್ಟು ಬಾಡಿಗೆ ಕೇಳುವುದು ಸಾಮಾನ್ಯ, ಮತ್ತು ದೋಣಿಯನ್ನು ನೀರಿನಿಂದ ಎತ್ತುವ ಕ್ರೇನಿನ ಅಗಲ ಎಲ್ಲ ಕಡೆ ಸಾಲದು.

ನನ್ನ ತೀರ್ಪು: ಕಡಿಮೆ ಉಮೇದಿಯವರಿಗೆ ವಾಂತಿ, ಬೆನ್ನುನೋವು, ಮೊಣಕಾಲಿನ ತೊಂದರೆ ಇದ್ದು, ಕೈಯಲ್ಲಿ ಹಣ ಇದ್ದರೆ ಕ್ಯಾಟಮರಾನ್. ಉಳಿದವರಿಗೆ ಮೊನೊಹಲ್.

ಉದ್ದ ಮತ್ತು ರೊಕ್ಕ

ಇಬ್ಬರಿಗೆ 36ರಿಂದ 40 ಅಡಿ. ಅದಕ್ಕಿಂತ ದೊಡ್ಡದು ಮರೀನಾದಲ್ಲಿ ನಿಂತಾಗ ಮಾತ್ರ ಚೆಂದ. ದಲ್ಲಾಳಿಗಳು 45 ಅಡಿಯದಕ್ಕೂ ಹಗ್ಗ ಎಳೆಯುವ ಎಲೆಕ್ಟ್ರಿಕ್ ವಿಂಚ್ ಇದೆ, ಬಟನ್ ಒತ್ತಿದರಾಯಿತು ಎನ್ನುತ್ತಾರೆ. ಬಟನ್ ಕೆಟ್ಟ ದಿನದ ಲೆಕ್ಕ ಹಾಕಿ. 10 ಮಿಲಿಮೀಟರ್ ದಪ್ಪದ ಲಂಗರಿನ ಸರಪಳಿ ಮೀಟರಿಗೆ ಎರಡು ಕಿಲೋಗೂ ಮೇಲೆ ತೂಗುತ್ತದೆ. 50 ಮೀಟರ್ ಬಿಟ್ಟಿದ್ದರೆ ನೂರು ಕಿಲೋದ ಮೇಲಾಯಿತು. ಜತೆಗೆ ಲಂಗರಿನ ತೂಕ ಬೇರೆ. ವಿಂಡ್‌ಲಾಸ್ ಎಂಬ ಲಂಗರೆತ್ತುವ ಮೋಟರ್ ಸುಟ್ಟಾಗ ಅದನ್ನು ಕೈಯಿಂದ ಎಳೆಯಬೇಕು, ಅದೂ ದಂಡೆಯ ಕಡೆಗೆ ಗಾಳಿ ತಳ್ಳುತ್ತಿರುವಾಗ. ಕೊಳ್ಳುವ ಮುನ್ನ ಇಬ್ಬರಲ್ಲಿ ಬಲ ಕಡಿಮೆ ಇರುವವರು ಒಮ್ಮೆ ಎಳೆದು ನೋಡಲಿ.

25-30 ವರ್ಷ ಹಳೆಯ 38 ಅಡಿಯ ಗಟ್ಟಿ ಫೈಬರ್‌ಗ್ಲಾಸ್ ಮೊನೊಹಲ್ ಸ್ಥೂಲವಾಗಿ 40ರಿಂದ 80 ಸಾವಿರ ಡಾಲರಿಗೆ ಸಿಗುತ್ತದೆ. ರೂಪಾಯಿಯಲ್ಲಿ 35-70 ಲಕ್ಷ. ಅದೇ ಉದ್ದದ ಕ್ಯಾಟಮರಾನ್ ಸ್ವಲ್ಪ ಹೊಸದಿರುತ್ತದೆ, ಆದರೆ ಒಂದೂವರೆ ಲಕ್ಷ ಡಾಲರಿನ ಕೆಳಗೆ ಒಳ್ಳೆಯದು ಸಿಗುವುದು ಕಷ್ಟ. ಬೆಲೆಯ ಕಾಲು ಪಾಲನ್ನಾದರೂ ಮೊದಲ ವರ್ಷದ ರಿಪೇರಿಗೆ ಎತ್ತಿಡಿ. ಹಾಯಿ ಕಟ್ಟುವ ಕೂವೆಮರವನ್ನು ಹಿಡಿದಿರುವ ತಂತಿಗಳು ಹತ್ತು-ಹನ್ನೆರಡು ವರ್ಷ ದಾಟಿದ್ದರೆ ವಿಮೆಯವರು ಬದಲಿಸಿ ಎನ್ನುತ್ತಾರೆ. ಸ್ವತಂತ್ರ ಸರ್ವೇಯರ್ ತಪಾಸಣೆ ಮಾಡದ ದೋಣಿಗೆ ಮುಂಗಡ ಕೊಡಬೇಡಿ. ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಹಿಡಿದವರಿಗೆ, ಪಂಪು-ಮೋಟರ್ ಬಿಚ್ಚಿ ಜೋಡಿಸಿದವರಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ದೋಣಿಯ ಮೇಲೆ ಮೆಕ್ಯಾನಿಕ್ ಕರೆಸುವುದು ಎಷ್ಟು ದುಬಾರಿಯೆಂದರೆ, ನಮ್ಮವರ ಹಳೆಯ ವರ್ಕ್‌ಶಾಪಿನ ಅನುಭವವೇ ವರ್ಷಕ್ಕೆ ಲಕ್ಷಾಂತರ ರೂಪಾಯಿ ಉಳಿಸಿದೆ.

ಭಾರತದಲ್ಲೇ ಕೊಂಡು ಭಾರತದಲ್ಲೇ ಇಟ್ಟುಕೊಳ್ಳುತ್ತೇನೆ ಎನ್ನುವವರು ತೆರಿಗೆ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವಿಹಾರದ ದೋಣಿಗಳಿಗೆ ಶೇಕಡಾ 40 ಜಿಎಸ್‌ಟಿ. ಹೊರಗೆ ಕೊಳ್ಳುವವರಿಗೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬರಿಗೆ ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನ ಮಿತಿ ಇದೆ. ಹತ್ತು ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕಿನವರು ಶೇಕಡಾ 20 ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಅದು ನಿಮ್ಮ ಆದಾಯ ತೆರಿಗೆಯಲ್ಲಿ ಹೊಂದಿಕೆಯಾಗುತ್ತದೆ, ಆದರೆ ಅಲ್ಲಿಯತನಕ ಆ ಹಣ ನಿಮ್ಮ ಕೈಯಲ್ಲಿ ಇರುವುದಿಲ್ಲ. ದೋಣಿ ಯಾವ ದೇಶದ ಬಾವುಟದಡಿ ನೋಂದಣಿಯಾಗಬೇಕು ಎಂಬುದನ್ನು ಊರಿನ ಸಿಎ ಹತ್ತಿರ ಕೇಳಿ ಮುಗಿಯದು, ಕಡಲ ಕಾನೂನು ಗೊತ್ತಿರುವ ವಕೀಲರನ್ನೇ ಹಿಡಿಯಿರಿ.

ಯಾವ ಸಮುದ್ರ

ದ್ವೀಪಗಳ ಚಂದ ನೋಡಿ ಸಮುದ್ರ ಆರಿಸುವುದು ವಿದೇಶಿಯರಿಗೆ ಸರಿ. ನಮಗೆ ಪಾಸ್‌ಪೋರ್ಟ್ ಮೊದಲು, ಚಂಡಮಾರುತ ಎರಡನೆಯದು, ಚಂದ ಆಮೇಲೆ.

ಕಡಲಲ್ಲಿ ದೂರದ ಅಂದಾಜು ನಮಗೆ ತಪ್ಪುತ್ತದೆ. ಸಣ್ಣ ಹಾಯಿದೋಣಿಯ ವೇಗ ಐದಾರು ನಾಟ್, ಅಂದರೆ ತಾಸಿಗೆ ಹತ್ತು-ಹನ್ನೊಂದು ಕಿಲೋಮೀಟರ್. ಬೆಳಗಾವಿಯಿಂದ ವಿಜಯಪುರಕ್ಕೆ ಸುಮಾರು ಇನ್ನೂರು ಕಿಲೋಮೀಟರ್. ಆ ದೂರ ಹೋಗಲು ಒಂದು ಹಗಲು, ಒಂದು ರಾತ್ರಿ ಬೇಕು. ಪ್ರತಿ ಸಮುದ್ರವನ್ನೂ ಈ ಲೆಕ್ಕದಲ್ಲಿ ನೋಡಿ.

ಮೊದಲ ದೋಣಿಗೆ ನಾನು ಹೇಳುವುದು ಮಲೇಷ್ಯಾದ ಲಂಗ್ಕಾವಿ, ಥಾಯ್ಲೆಂಡಿನ ಫುಕೆಟ್ ನಡುವಿನ ದಂಡೆ. ಎರಡರ ನಡುವೆ ಸುಮಾರು 120 ನಾಟಿಕಲ್ ಮೈಲಿ (220 ಕಿಲೋಮೀಟರ್), ದಾರಿಯುದ್ದಕ್ಕೂ ದ್ವೀಪಗಳು, ರಾತ್ರಿ ಪಯಣದ ಅಗತ್ಯವೇ ಇಲ್ಲ. ತಳದಲ್ಲಿ ಕೆಸರು-ಮರಳು, ಆಳ ಹತ್ತು ಮೀಟರಿನ ಆಸುಪಾಸು, ಲಂಗರು ಚೆನ್ನಾಗಿ ಹಿಡಿಯುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ, ಆಕಾಶ ಶುಭ್ರ. ಲಂಗ್ಕಾವಿ ಸುಂಕರಹಿತ ದ್ವೀಪವಾದ್ದರಿಂದ ದೋಣಿ ಬಿಟ್ಟು ಊರಿಗೆ ಬರುವುದು ಸುಲಭ. ಎರಡೂ ಕಡೆ ಒಳ್ಳೆಯ ಆಸ್ಪತ್ರೆಗಳಿವೆ. ಮಲೇಷ್ಯಾ, ಥಾಯ್ಲೆಂಡ್ ಎರಡೂ ಈಚಿನ ವರ್ಷಗಳಲ್ಲಿ ಭಾರತೀಯರಿಗೆ ವೀಸಾ ಇಲ್ಲದ ಪ್ರವೇಶ ಕೊಟ್ಟಿವೆ. ನಿಯಮ ಆಗಾಗ ಬದಲಾಗುವುದರಿಂದ ಪ್ರತಿಸಲ ಹೊರಡುವ ಮುನ್ನ ನೋಡಿಕೊಳ್ಳಿ.

ಕೊರತೆಗಳೂ ಇವೆ. ಗಾಳಿ ಹಗುರ, ಅರ್ಧ ಹೊತ್ತು ಎಂಜಿನ್ನೇ ಗತಿ. ಮಲಕ್ಕಾ ಜಲಸಂಧಿಯ ಕಡೆ ರಾತ್ರಿ ಹೋದರೆ ದೀಪವಿಲ್ಲದ ಮೀನುದೋಣಿ, ಬಲೆ, ಒಂದರ ಹಿಂದೆ ಒಂದು ಹಡಗು. ನೈರುತ್ಯ ಮಾನ್ಸೂನಿನಲ್ಲಿ ಬೆಳಗಿನ ಜಾವ ಸುಮಾತ್ರಾ ಕಡೆಯಿಂದ ಗುಡುಗಿನ ಸಾಲು ಏಳುತ್ತದೆ. ಅದನ್ನು ಅಲ್ಲಿಯವರು "ಸುಮಾತ್ರಾ" ಎಂದೇ ಕರೆಯುತ್ತಾರೆ. ಸಿಡಿಲು ಕೂವೆಮರಕ್ಕೆ ಬಡಿದರೆ ಜಿಪಿಎಸ್, ಆಟೊಪೈಲಟ್, ರೇಡಿಯೊ ಎಲ್ಲ ಒಮ್ಮೆಲೇ ಹೋಗುತ್ತವೆ. ಬೇರೆ ಮೊಬೈಲ್ ಒಂದನ್ನು ಒಲೆಯ ಓವನ್ನಿನೊಳಗೆ ಇಡುವ ರೂಢಿ ಅಲ್ಲಿಂದಲೇ ಬಂದದ್ದು. ಲೋಹದ ಪೆಟ್ಟಿಗೆ ಒಳಗಿನದನ್ನು ಕಾಪಾಡುತ್ತದೆ ಎಂಬ ನಂಬಿಕೆ.

"ನಮ್ಮ ಅಂಡಮಾನ್ ಇರುವಾಗ ಥಾಯ್ಲೆಂಡ್ ಯಾಕೆ?" ಎಂದು ಎಲ್ಲರೂ ಕೇಳುತ್ತಾರೆ. ನೋಡಲು ಅಂಡಮಾನೇ ಚಂದ, ಖರೇ. ಆದರೆ ದುರಸ್ತಿಯ ಅನುಕೂಲ, ಬಿಡಿಭಾಗ, ಮರೀನಾ ಬೇಕೆಂದಾಗ ಫುಕೆಟ್‌ಗೇ ಓಡಬೇಕು, ನಡುವೆ ಮೂರು-ನಾಲ್ಕು ದಿನದ ತೆರೆದ ಸಮುದ್ರ. ಬುಡಕಟ್ಟು ಮೀಸಲು ಪ್ರದೇಶಗಳಿಗೆ ಹೋಗುವಂತಿಲ್ಲ, ಉತ್ತರ ಸೆಂಟಿನೆಲ್ ದ್ವೀಪದಿಂದ ಐದು ನಾಟಿಕಲ್ ಮೈಲಿ ದೂರ ಇರಲೇಬೇಕು. ಕೆಲವು ಕೊಲ್ಲಿಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಈಜುವ ಮುನ್ನ ಸ್ಥಳೀಯರನ್ನು ಕೇಳಿ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲ. ಎರಡನೆಯ ವರ್ಷದ ಪಯಣಕ್ಕೆ ಶ್ರೀ ವಿಜಯ ಪುರಂ ಒಳ್ಳೆಯ ಗುರಿ. ಮೊದಲಿನ ಪೋರ್ಟ್ ಬ್ಲೇರ್‌ಗೆ 2024ರಿಂದ ಈ ಹೆಸರು. ನಮ್ಮ ವಿಜಯಪುರದ ಬೀಗರಿಗೆ "ವಿಜಯಪುರದಲ್ಲಿದ್ದೇವೆ" ಎಂದು ಫೋನಿನಲ್ಲಿ ಹೇಳಿ ಗೊಂದಲ ಎಬ್ಬಿಸಬೇಡಿ.

ಲಕ್ಷದ್ವೀಪಕ್ಕೆ ಭಾರತೀಯರಿಗೂ ಪರವಾನಗಿ ಬೇಕು. ಸ್ವಂತ ದೋಣಿಯಲ್ಲಿ ಅಲ್ಲಿ ಮನಬಂದಂತೆ ಸುತ್ತುವುದು ಸದ್ಯ ಕನಸೇ. ಮಾಲ್ಡೀವ್ಸ್‌ನಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ, ಆದರೆ ದೋಣಿಗೆ ಏಜೆಂಟ್, ಅನುಮತಿ ಪತ್ರ ಎಂದು ಖರ್ಚು ಬೆಳೆಯುತ್ತದೆ. ಅಲ್ಲಿ ಹವಳದ ನಡುವೆ 25-30 ಮೀಟರ್ ಆಳದಲ್ಲಿ ಲಂಗರು ಹಾಕುವ ಪ್ರಸಂಗ ಬರುತ್ತದೆ. ಆಳದ ಐದು ಪಟ್ಟು ಸರಪಳಿ ಎಂಬ ಲೆಕ್ಕ ಹಿಡಿದರೆ ಎಷ್ಟು ಭಾರ ಹೊರಬೇಕು ನೋಡಿ. ಪೂಜೆಯ ಮೂರ್ತಿಗಳನ್ನು ದೇಶದೊಳಗೆ ತರಲು ಅಲ್ಲಿನ ಕಸ್ಟಮ್ಸ್ ಬಿಡುವುದಿಲ್ಲ. ದೋಣಿಯಲ್ಲಿ ದೇವರ ಗೂಡು ಇರುವವರು ಏಜೆಂಟರಿಗೆ ಮೊದಲೇ ಹೇಳಿ ದಾರಿ ಕೇಳಿಕೊಳ್ಳಿ.

ಕೆರಿಬಿಯನ್ ಹಾಯಿಗಾರರ ಸ್ವರ್ಗ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಪೂರ್ವದಿಂದ 15-25 ನಾಟ್ ವ್ಯಾಪಾರ ಮಾರುತ ಎಡೆಬಿಡದೆ ಬೀಸುತ್ತದೆ. ಒಂದು ದ್ವೀಪದಿಂದ ಮುಂದಿನದು ಕಣ್ಣಿಗೆ ಕಾಣುತ್ತದೆ. ಗ್ರೆನೆಡಾ, ಬಾರ್ಬಡೋಸ್, ಟ್ರಿನಿಡಾಡ್‌ನಂಥ ಇಂಗ್ಲಿಷ್ ಮಾತಿನ ದ್ವೀಪಗಳು ಭಾರತೀಯರಿಗೆ ಸರಾಗ. ಮಾರ್ಟಿನಿಕ್, ಗ್ವಾಡೆಲೂಪ್ ಫ್ರಾನ್ಸಿನವು. ಯುರೋಪಿನ ಸಾಮಾನ್ಯ ಶೆಂಗೆನ್ ವೀಸಾ ಅಲ್ಲಿಗೆ ತಾನಾಗಿ ಸಲ್ಲುವುದಿಲ್ಲ, ನಕ್ಷೆಯಲ್ಲಿ ಅವನ್ನು ದಾಟಿಕೊಂಡೇ ಹೋಗಬೇಕು. ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ. ಗ್ರೆನೆಡಾ ದಕ್ಷಿಣದಲ್ಲಿದೆ, ಸುರಕ್ಷಿತ ಎಂದು ನಂಬಿ ಮಂದಿ ಅಲ್ಲಿ ದೋಣಿ ಬಿಡುತ್ತಿದ್ದರು. 2004ರಲ್ಲಿ ಐವನ್, 2024ರ ಜುಲೈ 1ರಂದು ಬೆರಿಲ್ ಅಲ್ಲಿಗೇ ಬಂದವು. ಎಲ್ಲಕ್ಕಿಂತ ಮುಖ್ಯ, ಊರಲ್ಲಿ ಅತ್ತೆಗೆ ಆರೋಗ್ಯ ಕೆಟ್ಟರೆ ಲಂಗ್ಕಾವಿಯಿಂದ ಮರುದಿನ ಬೆಳಗಾವಿ ಮುಟ್ಟಬಹುದು. ಗ್ರೆನೆಡಾದಿಂದ ಎರಡು ದಿನ, ಮೂರು ವಿಮಾನ, ನಡುವೆ ಟ್ರಾನ್ಸಿಟ್ ವೀಸಾದ ತಲೆನೋವು.

ಪೆಸಿಫಿಕ್ ಬಗ್ಗೆ ಹೆಚ್ಚು ಹೇಳಲಾರೆ. ಪನಾಮಾ ಕಡೆಯಿಂದ ಮಾರ್ಕೇಸಸ್ ದ್ವೀಪಗಳಿಗೆ ಸಾವಿರಾರು ಮೈಲಿ ಬರೀ ನೀರು, ವಾರಗಟ್ಟಲೆ ದಂಡೆ ಕಾಣದು. ಅದು ಉಮೇದಿ ಹೆಚ್ಚಿರುವವರ ದಾರಿ. ಫಿಜಿ ಮಾತ್ರ ನನ್ನ ಆಸೆಯ ಪಟ್ಟಿಯಲ್ಲಿದೆ. ಭಾರತೀಯರಿಗೆ ಮೊದಲೇ ವೀಸಾ ಬೇಡ, 1879ರಿಂದ ಕರಾರಿನ ಕೂಲಿಗಳಾಗಿ ಹೋದ ಗಿರಮಿಟಿಯಾಗಳ ಮೊಮ್ಮಕ್ಕಳ ಅಂಗಡಿಯಲ್ಲಿ ಬೇಳೆ, ಜೀರಿಗೆ ಸಿಗುತ್ತದೆ.

ವರ್ಷವಿಡೀಯೋ, ಅರ್ಧ ವರ್ಷವೋ

ಅರ್ಧ ವರ್ಷ. ಬೆಳಗಾವಿಯಲ್ಲಿ ಮಳೆ ಸುರಿಯುವಾಗ ಅಂಡಮಾನ್ ಸಮುದ್ರದಲ್ಲೂ ಅದೇ ನೈರುತ್ಯ ಮಾನ್ಸೂನ್. ಅಲ್ಲಿದ್ದು ಏನು ಮಾಡುವುದು? ಮೇ ತಿಂಗಳಲ್ಲಿ ದೋಣಿಯನ್ನು ನೀರಿನಿಂದ ಎತ್ತಿಸಿ ಯಾರ್ಡಿನಲ್ಲಿ ನಿಲ್ಲಿಸಿ, ಹಾಯಿ ಬಿಚ್ಚಿ, ಒಳಗೆ ಡಿಹ್ಯುಮಿಡಿಫೈಯರ್ ಇಟ್ಟು ಬನ್ನಿ. ಇಲ್ಲದಿದ್ದರೆ ಮರಳಿ ಹೋಗುವಷ್ಟರಲ್ಲಿ ಹಾಸಿಗೆಯ ಮೇಲೆ ಹಸಿರು ಬೂಷ್ಟು ಹಿಡಿದಿರುತ್ತದೆ. ಮನೆ ಮಾರಿ ದೋಣಿ ಹತ್ತುವವರ ಕಥೆ ಕೇಳಲು ಚಂದ. ಕಡಿಮೆ ಉಮೇದಿಯವರಿಗೆ ಮರಳಲು ಒಂದು ಬಾಗಿಲು ಇರಬೇಕು, ಅದರ ಬೀಗದ ಕೈ ಅವರ ಹತ್ತಿರವೇ ಇರಬೇಕು.

ನೀರು, ರೊಟ್ಟಿ

ವಾಟರ್‌ಮೇಕರ್ ಬೇಕೋ, ದೊಡ್ಡ ಟಾಕಿ ಸಾಕೋ? ಸಮುದ್ರದ ನೀರನ್ನು ಸುಮಾರು 55 ಬಾರ್ ಒತ್ತಡದಲ್ಲಿ ಪೊರೆಯ ಮೂಲಕ ತಳ್ಳಿ ಸಿಹಿನೀರು ಮಾಡುವ ಯಂತ್ರ ಅದು. ಬಳಸದೆ ಬಿಟ್ಟರೆ ಪೊರೆ ಹಾಳು, ಬಂದರಿನ ಎಣ್ಣೆನೀರಿನಲ್ಲಿ ಓಡಿಸಿದರೂ ಹಾಳು. ಯುರೋಪಿನ ಜೋಡಿಗಳು ಇದಿಲ್ಲದೆ ಆಗದು ಎನ್ನುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯ್ದು ಒಂದು ಕೊಡದಲ್ಲಿ ಸ್ನಾನ ಮುಗಿಸಿ ಬೆಳೆದ ವಿಜಯಪುರ, ಇಂಡಿ ಕಡೆಯವರಿಗೆ 400 ಲೀಟರ್ ಟಾಕಿ ಎರಡು ವಾರ ಬಾಳುತ್ತದೆ. ಪಾತ್ರೆ ಸಮುದ್ರದ ನೀರಿನಲ್ಲಿ ತೊಳೆದು ಕೊನೆಗೊಂದು ಲೋಟ ಸಿಹಿನೀರು ಹಾಕಿದರಾಯಿತು. ಲಂಗ್ಕಾವಿ-ಫುಕೆಟ್ ದಂಡೆಗೆ ವಾಟರ್‌ಮೇಕರ್ ಬೇಡ, ಆ ಹಣವನ್ನು ಸೌರ ಫಲಕಕ್ಕೂ ಒಳ್ಳೆಯ ಲಂಗರಿಗೂ ಹಾಕಿ. ಮಾಲ್ಡೀವ್ಸ್, ಪೆಸಿಫಿಕ್‌ಗೆ ಬೇಕು.

ದೋಣಿಯ ಆಹಾರ ಎಂದು ವಿದೇಶಿಯರು ಡಬ್ಬಿಯ ಬೀನ್ಸ್ ತುಂಬುತ್ತಾರೆ. ನಮ್ಮ ಖಡಕ್ ರೊಟ್ಟಿ ಅದಕ್ಕಿಂತ ಮೇಲು. ತೂಕವಿಲ್ಲ, ಒಲೆ ಬೇಡ, ಕೆಡುವುದಿಲ್ಲ. ಆದರೆ ಕಡಲ ಗಾಳಿಯಲ್ಲಿ ಡಬ್ಬಿ ತೆರೆದಿಟ್ಟರೆ ಸಂಜೆಯೊಳಗೆ ಮೆತ್ತಗಾಗಿ ಚರ್ಮದಂತೆ ಜಗ್ಗುತ್ತದೆ. ಹನ್ನೆರಡು-ಹನ್ನೆರಡರಂತೆ ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡಿಸಿ, ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ಮಲಗಿಸಿದರೆ ತೆರೆಯ ಏಟಿಗೆ ಪುಡಿಯಾಗುತ್ತದೆ. ಮೆತ್ತಗಾದದ್ದನ್ನು ಬಿಸಿಲಲ್ಲಿ ಡೆಕ್ ಮೇಲೆ ಹರವಿದರೆ ಅರ್ಧ ತಾಸಿನಲ್ಲಿ ಮತ್ತೆ ಖಡಕ್. ಶೇಂಗಾ ಚಟ್ನಿ, ಅಗಸಿ ಚಟ್ನಿ ಗಾಜಿನ ಬಾಟಲಿ ಬಿಟ್ಟು ಸ್ಟೀಲ್ ಡಬ್ಬಿಯಲ್ಲಿರಲಿ. ರಾತ್ರಿ ಪಹರೆಗೆ ಅಮೀನಗಡದ ಕರದಂಟು ಒಂದು ತುಂಡು ಸಾಕು, ನಿದ್ದೆ ಹತ್ತಿರ ಸುಳಿಯದು. ಫಿಜಿ, ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಅಧಿಕಾರಿಗಳು ಕಾಳು, ಬೀಜ, ಜೇನು ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ಹೋಗುವ ಮುನ್ನ ತಿಂದು ಮುಗಿಸಿ.

ಕೊಳ್ಳುವ ಮುನ್ನ ಒಂದು ಪರೀಕ್ಷೆ

ಬಾಡಿಗೆ ದೋಣಿಯಲ್ಲಿದ್ದಾಗ, ಲಂಗರು ಹಾಕಿದ ಶಾಂತ ಕೊಲ್ಲಿಯಲ್ಲಿ, ಭಾರ ಹೆಚ್ಚಿರುವವರು ಬಟ್ಟೆ ಸಮೇತ ನೀರಿಗಿಳಿಯಲಿ. ಲೈಫ್‌ಜಾಕೆಟ್ ಇರಲಿ, ಆದರೆ ಕೈಕಾಲು ಆಡಿಸದೆ ಮೂರ್ಛೆ ಹೋದವರಂತೆ ತೇಲಲಿ. ಈಗ ಇನ್ನೊಬ್ಬರು ಒಬ್ಬರೇ ಅವರನ್ನು ಮೇಲೆತ್ತಬೇಕು. ಡೆಕ್ ನೀರಿನಿಂದ ಒಂದು ಮೀಟರಿಗೂ ಮೇಲೆ ಇರುತ್ತದೆ. ತೋಳು ಹಿಡಿದು ಎಳೆದರೆ ಅಂಗಿ ಕೈಗೆ ಬರುತ್ತದೆ, ಮನುಷ್ಯ ಬರುವುದಿಲ್ಲ.

ದಾರಿ ಇದೆ. ಹಾಯಿ ಏರಿಸುವ ಹಗ್ಗದ ತುದಿಯ ಕೊಂಡಿಯನ್ನು ಅವರ ಲೈಫ್‌ಜಾಕೆಟ್ಟಿನ ಉಂಗುರಕ್ಕೆ ಸಿಕ್ಕಿಸಿ, ಹಗ್ಗದ ಇನ್ನೊಂದು ತುದಿಯನ್ನು ವಿಂಚಿಗೆ ಮೂರು ಸುತ್ತು ಹಾಕಿ, ಹಿಡಿಕೆ ತಿರುಗಿಸಬೇಕು. ನಾನು ಐವತ್ತರ ಮೇಲೆ, ನಮ್ಮವರು ಎಂಬತ್ತು ಕಿಲೋ. ಟಕ್ ಟಕ್ ಎಂದು ಒಂದೊಂದೇ ಹಲ್ಲು ಸರಿಯುತ್ತ ಅವರು ನೀರು ಸೋರಿಸುತ್ತ ಮೇಲೆ ಬಂದರು, ಕಟಕಟೆಯ ತಂತಿಯ ಮೇಲಿನಿಂದ ಒಳಗೆ ಬಿದ್ದರು. ಮೊನೊಹಲ್ ಖರೀದಿಗೆ ನಾನು ಹೂಂ ಎಂದದ್ದು ಅದೇ ಸಂಜೆ. ಕ್ಯಾಟಮರಾನ್‌ನಲ್ಲಿ ಹಿಂಭಾಗದ ಮೆಟ್ಟಿಲುಗಳಿಂದ ಶಾಂತ ನೀರಿನಲ್ಲಿ ಎತ್ತುವುದು ಸುಲಭ. ತೆರೆ ಎದ್ದಾಗ ಅದೇ ಮೆಟ್ಟಿಲು ಸುತ್ತಿಗೆಯಂತೆ ತಲೆಗೆ ಬಡಿಯುತ್ತದೆ, ಆಗ ಅಲ್ಲೂ ಪಕ್ಕದಿಂದಲೇ ಎತ್ತಬೇಕು. ಡೆಕ್ ಇನ್ನಷ್ಟು ಎತ್ತರ. ಯಾವ ದೋಣಿಯಲ್ಲಿ ಈ ಕೆಲಸ ನಿಮ್ಮಿಂದ ಆಗುವುದಿಲ್ಲವೋ ಅದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ.

ಮಾರುವಾಗ

ಎಲ್ಲರೂ ಒಂದು ದಿನ ಮಾರುತ್ತಾರೆ. ಹೆಸರಾಂತ ಕಂಪನಿಯ 36-40 ಅಡಿ ಮೊನೊಹಲ್ ನಿಧಾನಕ್ಕೆ ಹೋಗುತ್ತದೆ, ಆದರೆ ಕಳೆದುಕೊಳ್ಳುವ ಮೊತ್ತ ಚಿಕ್ಕದು. ಕ್ಯಾಟಮರಾನ್‌ಗೆ ಗಿರಾಕಿ ಹೆಚ್ಚು, ಬೆಲೆ ಇಳಿದಾಗ ಪೆಟ್ಟೂ ದೊಡ್ಡದು. ಯಾರೋ ಹವ್ಯಾಸಿ ಮನೆಯ ಅಂಗಳದಲ್ಲಿ ಕಟ್ಟಿದ ದೋಣಿ ಎಷ್ಟೇ ಗಟ್ಟಿ ಇದ್ದರೂ ಸರ್ವೇಯರ್, ವಿಮೆಯವರು ಮುಖ ತಿರುಗಿಸುತ್ತಾರೆ. ಮೊದಲ ದಿನದಿಂದ ಪ್ರತಿ ರಿಪೇರಿಯ ಬಿಲ್ಲು, ಎಂಜಿನ್ ಎಣ್ಣೆ ಬದಲಿಸಿದ ತಾರೀಖು, ತಂತಿ ಬದಲಿಸಿದ ವರ್ಷ ಎಲ್ಲವನ್ನೂ ಒಂದು ದಪ್ಪ ವಹಿಯಲ್ಲಿ ಬರೆದಿಡಿ. ಕೊಳ್ಳಲು ಬಂದವರು ಹಾಯಿಗಿಂತ ಮೊದಲು ಆ ವಹಿ ಕೇಳುತ್ತಾರೆ. ನೀವು ಕೊಳ್ಳಲು ಹೋದಾಗಲೂ ಅದನ್ನೇ ಮೊದಲು ಕೇಳಿ.